ಒಂದು ಚೆಂಡನ್ನೂ ಹೊಡೆಯದ ಸ್ನೂಕರ್ ಆಟಗಾರ

ಗುಂಡ್ಲುಪೇಟೆ ತಾಲ್ಲೂಕಿನ ಪ್ರಥಮ ಹಾಗೂ ಏಕೈಕ ವೃತ್ತಿಪರ ಸ್ನೂಕರ್ ಆಟಗಾರರಾದ ಶ್ರೀ ವೃಷಭೇಂದ್ರಪ್ಪನವರು ತಮ್ಮ ಇದುವರೆಗಿನ ಸೇವೆಯಲ್ಲಿ ಒಂದು ಪಂದ್ಯವನ್ನೂ ಸೋತಿಲ್ಲ, ಒಂದು ಚೆಂಡನ್ನೂ ಹೊಡೆದಿಲ್ಲ. ಮೊದಲನೆಯದು ಅವರ ಪ್ರತಿಭೆಗೂ ಎರಡನೆಯದು ಅವರ ಶಿಸ್ತಿಗೂ ಸಾಕ್ಷಿಯೆಂದು ಗ್ರಾಮಾಂತರ ವಿನೋದ ಇಲಾಖೆಯು ಅಭಿಪ್ರಾಯಪಟ್ಟಿದೆ. ಅವರು ನನ್ನ ಅಳಿಯಂದಿರು. ಅದಕ್ಕೂ ನೇಮಕಾತಿಗೂ ಏನೂ ಸಂಬಂಧವಿಲ್ಲ. ನೇಮಕಾತಿ ಸಮಿತಿಯಲ್ಲಿ ನಾನಿದ್ದೆ, ಅಷ್ಟೇ.

ನಾನು ಶಂಭುಲಿಂಗಪ್ಪ. ಗುಂಡ್ಲುಪೇಟೆಯಲ್ಲಿ ಅರಿಶಿನದ ಮಂಡಿ ಇಟ್ಟುಕೊಂಡಿದ್ದೇನೆ. ಪಕ್ಕದ ಮಳಿಗೆಯಲ್ಲಿ ಹುಲ್ಲು, ಹಿಂಡಿ, ಬೂಸಾ ವ್ಯಾಪಾರವೂ ಉಂಟು. ಅದರ ಮಾತು ಮುಂದೆ ತಾನಾಗಿಯೇ ಬರುತ್ತದೆ.

ಮೇಜು ಬಂದದ್ದು ಐವತ್ತೊಂದನೇ ಇಸವಿಯಲ್ಲಿ. ನೀಲಗಿರಿ ಕಡೆಯ ಟೀ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಟು ನಿಂತು ಬಂಗಲೆಯ ಸಾಮಾನುಗಳನ್ನೆಲ್ಲ ಮಾರಾಟಕ್ಕಿಟ್ಟರು. ನಾಯಿ ಹೋಯಿತು, ಪಿಯಾನೋ ಹೋಯಿತು. ಸ್ನೂಕರ್ ಮೇಜನ್ನು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ಅದನ್ನು ಗುಂಡ್ಲುಪೇಟೆಯ ಜನತೆಗೆ ದಾನವಾಗಿ ಕೊಟ್ಟರು. ನಾನು ಕಂಡಂತೆ ದೊಡ್ಡ ದಾನಗಳೆಲ್ಲ ಹುಟ್ಟುವುದು ಹೀಗೆಯೇ.

ತರಲು ನನ್ನ ಜೊತೆ ಹೋದವನು ದನದ ದಲ್ಲಾಳಿ ಮೂಗಯ್ಯ. ಬೇಕೆಂದಾಗ ಗಾಡಿ ಎತ್ತು ಹೊಂದಿಸುವ ಶಕ್ತಿ ಈ ಸೀಮೆಯಲ್ಲಿ ಅವನೊಬ್ಬನಿಗೇ ಇರುವುದು. ಮೇಜಿನ ಕಾಲು ಬಿಚ್ಚಿ, ಒಳಗಿನ ಕಲ್ಲು ಚಪ್ಪಡಿಗಳನ್ನು ಹುಲ್ಲಿನಲ್ಲಿ ಸುತ್ತಿ, ಗಾಡಿಗಳ ಮೇಲೆ ಹೇರಿಕೊಂಡು ಬಂಡೀಪುರದ ಕಾಡು ದಾಟಿ ಬಂದೆವು. ಕಾಡಿನಲ್ಲಿ ಆನೆಗಳು ದಾರಿ ಬಿಟ್ಟವು. ಸುಂಕದ ಗೇಟಿನಲ್ಲಿ ಗುಮಾಸ್ತರು ಬಿಡಲಿಲ್ಲ.

ಅವರದೂ ತಪ್ಪಲ್ಲ. ಅವರ ಪುಸ್ತಕದ ಪ್ರಕಾರ ಆ ಗೇಟು ದಾಟಬಲ್ಲ ವಸ್ತುಗಳು ಜಗತ್ತಿನಲ್ಲಿ ಮೂರೇ: ಮರಮುಟ್ಟು, ಧಾನ್ಯ, ಜಾನುವಾರು.

“ಮರಮುಟ್ಟು ಅಂತ ಬರೀಬೇಕಾದ್ರೆ ಪರ್ಮಿಟ್ ತನ್ನಿ. ಧಾನ್ಯ ಅನ್ನೋಣ ಅಂದ್ರೆ ಅಳೆಯೋಕಾಗಲ್ಲ. ಇಲ್ಲೇ ಇಳಿಸ್ಬಿಡಿ,” ಎಂದರು ಗುಮಾಸ್ತರು.

ಮೂಗಯ್ಯ ಹೆಗಲ ಮೇಲಿನ ಟವಲು ಕೊಡವಿಕೊಂಡು ಮುಂದೆ ಬಂದ. “ಕಾಲ್ ಎಣಸ್ ನೋಡಿ ಸ್ವಾಮಿ.”

ಗುಮಾಸ್ತರು ಗಾಡಿಯ ಸುತ್ತ ಒಂದು ಸುತ್ತು ಬಂದರು. “ಎಂಟಿದೆ.”

“ಒಂದ್ ದನುಕ್ಕೆ ಎಸ್ಟು ಕಾಲು?”

“ನಾಲ್ಕು.”

“ಮತ್ತಿನ್ನೇನ್ ಯೋಚ್ನೆ ಮಾಡೀರಿ ಬುಡಿ.”

ಗುಮಾಸ್ತರು ಲೆಕ್ಕದಲ್ಲಿ ಗಟ್ಟಿಗರು. ‘ಜಾನುವಾರು, ಎರಡು’ ಎಂದು ಬರೆದರು. ಕಾಲು ಬಿಚ್ಚಿ ತಂದ ದನಕ್ಕೆ ರಿಯಾಯಿತಿ ಇಲ್ಲವೆಂದು ಮೊದಲೇ ಹೇಳಿದರು. ಬಣ್ಣ ಹಸಿರು, ಕೊಂಬು ಇಲ್ಲ, ಸ್ವಭಾವ ಸಾಧು. “ಹಾಲು ಕೊಡ್ತವಾ?” ಎಂದು ಕೇಳಿದಾಗ ಮೂಗಯ್ಯ, “ಸದ್ಯಕ್ ಬತ್ತೋಗವೆ,” ಎಂದ. ಗೇಟು ಎತ್ತಿದರು.

ಮೇಜನ್ನು ವಿನೋದ ಸಂಘದ ಹಾಲಿನಲ್ಲಿ ಜೋಡಿಸಿ ನಿಲ್ಲಿಸಿದೆವು. ಅದೇ ಕಟ್ಟಡದ ಹಿಂದಿನ ಕೋಣೆಯೇ ಗ್ರಾಮಾಂತರ ವಿನೋದ ಇಲಾಖೆಯ ಕಚೇರಿ. ಸೂಪರಿಂಟೆಂಡೆಂಟ್ ಕರಿಬಸವಯ್ಯನವರು ಅದರ ಮುಖ್ಯಸ್ಥರೂ ಹೌದು, ಒಟ್ಟು ಸಿಬ್ಬಂದಿಯೂ ಹೌದು. ಕೋಣೆಯ ಹಿಂದಿನ ಕೊಟ್ಟಿಗೆಯಲ್ಲಿ ಅವರ ಸ್ವಂತದ ಎರಡು ಹಸುಗಳಿದ್ದವು.

ಗೇಟಿನ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ ಅವರು ಕೇಳಿದರು: “ಸಂಘದಲ್ಲಿ ಸರ್ಕಾರಿ ದನ ಎರಡು ನಿಂತಿವೆ. ಮೇವು ಹಾಕ್ತಿರೋರು ಯಾರು?”

“ಅದು ಮೇಜು ಸ್ವಾಮಿ,” ಎಂದೆ.

“ಇರ್ಬಹುದು ಶಂಭುಲಿಂಗಪ್ಪನೋರೆ. ಅದು ನಿಮ್ಮ ನಮ್ಮ ಮಾತಾಯ್ತು. ಕಾಗದದ ಮಾತು ಬೇರೆ ಇದೆಯಲ್ಲ. ನಾಳೆ ಎರಡು ದನ ಮೇವಿಲ್ಲದೆ ಸತ್ತರೆ ಉತ್ತರ ಹೇಳೋನು ನಾನು.”

ಮೇವಿಗೆ ಟೆಂಡರು ಕರೆದರು. ಊರಿನಲ್ಲಿ ಹುಲ್ಲು ಹಿಂಡಿಯ ವ್ಯಾಪಾರ ನನ್ನದೊಂದೇ ಆದ್ದರಿಂದ ಭಾರೀ ಪೈಪೋಟಿಯ ನಂತರ ಅದು ನನಗೇ ಸಿಕ್ಕಿತು. ಮೇಜು ಚೆನ್ನಾಗಿ ತಿನ್ನುತ್ತಿತ್ತು. ತಿಂಗಳ ಕೊನೆಗೆ ಹುಲ್ಲಿನ ಒಂದು ಎಳೆಯೂ ಉಳಿಯುತ್ತಿರಲಿಲ್ಲ. ಕರಿಬಸವಯ್ಯನವರ ಹಸುಗಳೂ ಆ ಕಾಲದಲ್ಲಿ ಮೈ ತುಂಬಿಕೊಂಡು ಹೊಳೆಯತೊಡಗಿದವು. ಅದು ಅವರ ಸಾಕಣೆಯ ಗುಣ. ದನದ ಡಾಕ್ಟರು ವರ್ಷಕ್ಕೊಮ್ಮೆ ಬಂದು ಮೇಜಿನ ಮೈಮೇಲೆ ಕೈಯಾಡಿಸಿ, ರೋಗವಿಲ್ಲವೆಂದು ಬರೆದು ಹೋಗುತ್ತಿದ್ದರು. ಒಂದು ಸಲ ಮಾತ್ರ, ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತು ಏಳದೆ ಹಸಿರು ಬಟ್ಟೆ ತೇವ ಹಿಡಿದಾಗ, ಶೀತವೆಂದು ಬರೆದು ಕಂಬಳಿ ಹೊದಿಸಲು ಹೇಳಿದರು. ಹೊದಿಸಿದೆವು. ಮಾರನೆಯ ವಾರಕ್ಕೆ ಗುಣವಾಯಿತು. ಆಟವಿಲ್ಲದ ಹೊತ್ತು ಕಂಬಳಿ ಹೊದಿಸಿಡುವುದು ಮಾತ್ರ ರೂಢಿಯಾಗಿ ಉಳಿಯಿತು.

ಇಷ್ಟಾದ ಮೇಲೆ ಹುದ್ದೆಯ ಪ್ರಶ್ನೆ ಬಂತು. ಸರ್ಕಾರಿ ವಿನೋದ ಸಾಧನ ಇದ್ದಲ್ಲಿ ಅದನ್ನು ಬಲ್ಲ ವೃತ್ತಿಪರರೊಬ್ಬರು ಸಂಬಳದ ಮೇಲೆ ಇರತಕ್ಕದ್ದೆಂದು ಮೇಲಿನಿಂದ ಸುತ್ತೋಲೆ ಬಂತು. ಅದೇ ವಾರ ಹರವೆಯಿಂದ ನನ್ನ ಬೀಗರು ಚಿಕ್ಕಮಲ್ಲಪ್ಪನವರೂ ಬಂದರು.

ಅವರ ಮಗನೇ ವೃಷಭೇಂದ್ರಪ್ಪನವರು. ಮೈಸೂರಿಗೆ ಓದಲು ಹೋಗಿ, ಒಂದು ಹೋಟೆಲಿನ ಹಿಂದಿನ ಹಾಲಿನಲ್ಲಿ ಸ್ನೂಕರ್ ಕಲಿತು, ಪರೀಕ್ಷೆಯಲ್ಲಿ ನಪಾಸಾಗಿ ಹಿಂದಿರುಗಿ, ನನ್ನ ಮಗಳು ಚಂದ್ರಮತಿಯನ್ನು ಮದುವೆಯಾಗಿ ನಮ್ಮ ಮನೆಯಲ್ಲೇ ಇದ್ದರು. ಆಟ ಮಾತ್ರ ನಿಜವಾಗಿಯೂ ಬರುತ್ತಿತ್ತು. ಆಗ ಅದನ್ನು ನಾವು ದೋಷವೆಂದು ತಿಳಿಯಲಿಲ್ಲ.

“ಬೀಗ್ರೇ, ಇವನಿಗೊಂದು ನೌಕರಿ ಕೊಡ್ಸ್ತೀರೋ, ಇಲ್ಲ ಹರವೆಗೆ ಕಳಿಸ್ತೀರೋ? ಕಡ್ಲೆಕಾಯಿ ಕೀಳೋಕೆ ಆಳು ಸಿಕ್ತಿಲ್ಲ,” ಎಂದರು ಚಿಕ್ಕಮಲ್ಲಪ್ಪನವರು.

ಸಮಿತಿ ಸೇರಿತು. ಕರಿಬಸವಯ್ಯನವರು ಅಳಿಯಂದಿರನ್ನು ಕೇಳಿದರು: “ಚೆಂಡು ಎಷ್ಟು?”

“ಇಪ್ಪತ್ತೆರಡು ಸ್ವಾಮಿ.”

“ದನ ಕಟ್ಟಿ ಅಭ್ಯಾಸ ಇದೆಯಾ?”

“ಹರವೆಯವನು ಸ್ವಾಮಿ.”

‘ವೃತ್ತಿಪರ ಸ್ನೂಕರ್ ಆಟಗಾರ, ಜಾನುವಾರು ವಿಭಾಗ, ತಾತ್ಕಾಲಿಕ’ ಎಂದು ನೇಮಕವಾಯಿತು. ಖಾಯಂ ಆಗುವುದು ಮೇಲಿನ ಸಾಹೇಬರೊಬ್ಬರು ಬಂದು ಆಟ ನೋಡಿದ ಮೇಲೆ.

ಮೊದಲ ದಿನ ಅಳಿಯಂದಿರು ಇಸ್ತ್ರಿ ಮಾಡಿದ ಕೋಟು ತೊಟ್ಟು ಹೋದರು. ಚಂದ್ರಮತಿ ನೆರೆಯ ಹೆಂಗಸರನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಳು. ಅಳಿಯಂದಿರು ಚೆಂಡುಗಳನ್ನು ಜೋಡಿಸಿ, ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜಿ, ಮೇಜಿನ ಮೇಲೆ ಬಾಗಿದ್ದೇ ತಡ, ಹಿಂದಿನ ಕೋಣೆಯಿಂದ ಕರಿಬಸವಯ್ಯನವರು ಬರಿಗಾಲಲ್ಲಿ ಓಡಿ ಬಂದರು.

“ನಿಲ್ಸ್ರೀ! ಸರ್ಕಾರಿ ದನಕ್ಕೆ ಕೋಲು ಎತ್ತುತ್ತೀರಾ?”

“ನಾನು ಹೊಡೆಯೋದು ಚೆಂಡಿಗೆ ಸ್ವಾಮಿ, ಮೇಜಿಗಲ್ಲ.”

“ಚೆಂಡು ಎಲ್ಲಿದೆ?”

“ಮೇಜಿನ ಮೇಲೆ.”

“ದನದ ಮೇಲೆ ಕೂತಿರೋ ನೊಣಕ್ಕೆ ದೊಣ್ಣೆ ಬೀಸಿದ್ರೆ ಏಟು ಬೀಳೋದು ಯಾರಿಗ್ರೀ?”

ಅಳಿಯಂದಿರು ಕೋಲು ಇಳಿಸಿದರು. ಮೈಸೂರಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಸಂಜೆಯ ಹೊತ್ತಿಗೆ ಹಾಲಿನ ಗೋಡೆಗೆ ಈ ಕೆಳಕಂಡದ್ದನ್ನು ಅಂಟಿಸಲಾಯಿತು:

‘ಪ್ರಕಟಣೆ. ಸಂಘದ ಹಾಲಿನಲ್ಲಿರುವ ಹಸಿರು ಜಾನುವಾರುಗಳ ಮೇಲಾಗಲಿ, ಅವುಗಳ ಮೇಲಿರುವ ಚೆಂಡುಗಳ ಮೇಲಾಗಲಿ ಯಾರೂ ಕೋಲು ಪ್ರಯೋಗಿಸತಕ್ಕದ್ದಲ್ಲ. ಇದು ಆಟಗಾರರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಆದರೆ ಈ ಕಾರಣದಿಂದ ಆಟ ನಿಲ್ಲತಕ್ಕದ್ದಲ್ಲ. ಪಂದ್ಯಗಳ ವರದಿ ಕಾಲಕಾಲಕ್ಕೆ ಬಾರದಿದ್ದಲ್ಲಿ ಸದರಿ ಜಾನುವಾರುಗಳನ್ನು ಚಾಮರಾಜನಗರಕ್ಕೆ ಹೊಡೆದುಕೊಂಡು ಹೋಗಲಾಗುವುದು.’

ಚಾಮರಾಜನಗರಕ್ಕೆ ಆಗಲೇ ರೈಲು ಇತ್ತು. ಸ್ನೂಕರೂ ಅಲ್ಲಿಗೇ ಹೋದರೆ ನಮಗೆ ಉಳಿಯುವುದು ಊಟಿ ಬಸ್ಸುಗಳು ಎಬ್ಬಿಸುವ ಧೂಳು. ಜೊತೆಗೆ ಅಳಿಯಂದಿರು ಹರವೆಗೆ, ನನ್ನ ಹುಲ್ಲು ಮಳಿಗೆಗೆ. ನಾನು ಮೂಗಯ್ಯನನ್ನು ಮಂಡಿಗೆ ಕರೆಸಿದೆ.

“ಹೊಡೀದೆ ಆಡ್ಬೇಕಂತೆ ಮೂಗಯ್ಯ. ಸೋಲು ಗೆಲುವು ತೀರ್ಮಾನ ಆಗೋದು ಹೆಂಗೆ?”

ಮೂಗಯ್ಯ ಎಲೆಗೆ ಸುಣ್ಣ ಸವರುತ್ತ ಕೇಳಿದ: “ಸಾವ್ಕಾರ್ರೆ, ನಾನು ದನ ಮಾರುಸ್ವಾಗ ದನುವ ಒಡ್ದೀನಾ?”

“ಇಲ್ಲ.”

“ಬಾಯ್ಬುಟ್ಟು ಬೆಲೆ ಏಳೀನಾ?”

“ಇಲ್ಲ.”

“ಮತ್ತೆ ವ್ಯಾಪಾರ ಆಯ್ತಾ ಇಲ್ವಾ? ಇದೂವೆ ದನುವೇ ಅಂತ ಅವರೇ ಬರ್ಕೊಂಡವ್ರಲ್ಲ.”

ನಮ್ಮ ಕಡೆಯ ದನದ ಸಂತೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವವನ ಪರ ಒಬ್ಬ, ಮಾರುವವನ ಪರ ಒಬ್ಬ ದಲ್ಲಾಳಿ ಎದುರುಬದುರು ನಿಂತು, ಕೈಗಳ ಮೇಲೆ ಟವಲು ಹೊದಿಸಿಕೊಂಡು, ಒಳಗೆ ಬೆರಳು ಹಿಡಿದು ಅದುಮಿ ಬೆಲೆ ಕಟ್ಟುತ್ತಾರೆ. ಒಬ್ಬ ಏರಿಸುತ್ತಾನೆ, ಇನ್ನೊಬ್ಬ ಇಳಿಸುತ್ತಾನೆ. ಸುತ್ತ ನಿಂತ ನೂರು ಜನಕ್ಕೆ ಒಂದಕ್ಷರ ಕೇಳಿಸುವುದಿಲ್ಲ. ಟವಲು ತೆಗೆದಾಗ ವ್ಯಾಪಾರ ಮುಗಿದಿರುತ್ತದೆ. ಬೆಲೆಯ ಬದಲು ಪಾಯಿಂಟುಗಳನ್ನು ಕಟ್ಟಲು ಅಡ್ಡಿಯೇನೆಂದು ಕರಿಬಸವಯ್ಯನವರು ನಿಯಮಗಳನ್ನೆಲ್ಲ ಹುಡುಕಿದರು. ಅಡ್ಡಿ ಸಿಕ್ಕಲಿಲ್ಲ.

ಮೊದಲ ಪಂದ್ಯ ಚಾಮರಾಜನಗರದ ಮೇಲೆ. ಅವರ ಆಟಗಾರರು ರೇಷ್ಮೆಗೂಡಿನ ವರ್ತಕ ದೊಡ್ಡಮಲ್ಲಪ್ಪನವರು. ಅವರು ಅಂದಿನವರೆಗೆ ಸ್ನೂಕರ್ ಮೇಜನ್ನು ಕಣ್ಣಿಂದ ಕಂಡವರಲ್ಲ, ಆದರೆ ಅದು ಅವರ ಆಟಕ್ಕೇನೂ ತೊಂದರೆ ಮಾಡಲಿಲ್ಲ. ಉಮ್ಮತ್ತೂರಿನಿಂದಲೂ ಜನ ಬಸ್ಸು ಹಿಡಿದು ಬಂದಿದ್ದರು. ನಮ್ಮ ಕಡೆಯ ದಲ್ಲಾಳಿ ಮೂಗಯ್ಯ, ಅವರ ಕಡೆಗೆ ಪುಟ್ಟಮಾದು.

ಪದ್ಧತಿಯಂತೆ ಪುಟ್ಟಮಾದು ಮೊದಲು ಮೇಜನ್ನು ಸುತ್ತಿ ನೋಡಿದ. ಆರು ಜೇಬುಗಳಿಗೂ ಕೈ ಹಾಕಿ ಹಲ್ಲು ಪರೀಕ್ಷಿಸಿದ. ಬಲಮೂಲೆಯ ಹಸಿರು ಬಟ್ಟೆಯಲ್ಲಿ ದೊರೆಯ ಚುಟ್ಟ ಸುಟ್ಟ ಗುರುತೊಂದಿತ್ತು. ದನದ ಮೈಯ ಸುಳಿ ನೋಡುವವನಂತೆ ಅಲ್ಲಿ ನಿಂತುಬಿಟ್ಟ.

“ಕೆಟ್ ಸುಳಿ ಅದೆ ಕಣಣ್ಣ ಇದ್ಕೆ. ಅತ್ ಪಾಯಿಂಟ್ ಬುಡ್ಬೇಕು ನೀವು.”

“ಕಣ್ ಸರ್ಯಾಗ್ ಬುಟ್ಟು ನೋಡ್ಲಾ,” ಎಂದ ಮೂಗಯ್ಯ. “ರಾಜ್‌ಸುಳಿ ಅದು. ಇಂಗ್ಲೀಸ್ ದೊರೆ ಮನೇಲಿ ಬೆಳ್ದಿರ ದನ. ಅದ್ಕೇ ಐದು ಜಾಸ್ತಿ ಕೇಳ್ಬೇಕು ನಾನು.”

ಟವಲು ಬಿತ್ತು. ಆಟಗಾರರಿಬ್ಬರೂ ಕೋಲು ಹಿಡಿದು ತಮ್ಮ ತಮ್ಮ ದಲ್ಲಾಳಿಗಳ ಹಿಂದೆ ಅಟೆನ್ಷನ್ನಿನಲ್ಲಿ ನಿಂತರು. ಟವಲು ಅಲುಗಿತು, ನಿಂತಿತು, ಮತ್ತೆ ಅಲುಗಿತು.

“ಏನ್ ಬೆರಳ್ಲಾ ಅದು! ಕಪ್ ಚೆಂಡ್ನ ಎಂಗ್ ಅದುಮ್‌ಬುಟ್ಟ ನೋಡ್ದಾ?” ಎಂದ ಕಿಟಕಿಯ ಬಳಿಯೊಬ್ಬ.

“ಟವಲೊಳಗ್ಳುದು ನಿಂಗೆಂಗ್ಲಾ ಕಂಡಾತು?”

“ಪುಟ್ಟಮಾದು ಮೊಕ ನೋಡ್ಲಾ, ಗೊತ್ತಾಯ್ತದೆ.”

ಅರವತ್ತನಾಲ್ಕಕ್ಕೆ ನಲವತ್ತೊಂದು. ಗುಂಡ್ಲುಪೇಟೆ ಗೆದ್ದಿತು. ದೊಡ್ಡಮಲ್ಲಪ್ಪನವರು ಮುಂದೆ ಬಂದು ಅಳಿಯಂದಿರ ಕೈ ಕುಲುಕಿ, ಇಂಥ ಆಟವನ್ನು ತಾವು ಕಂಡಿಲ್ಲವೆಂದರು. ಅದು ನಿಜವೇ.

ಆಮೇಲೆ ಅಳಿಯಂದಿರ ವೃತ್ತಿಜೀವನ ಏರುತ್ತಲೇ ಹೋಯಿತು. ಎದುರಾಳಿಗಳು ಬಂದರು, ಸೋತರು, ಊಟ ಮಾಡಿಕೊಂಡು ಹೋದರು. ಮೈಸೂರಿನಿಂದ ನಿಜವಾದ ಆಟಗಾರರೊಬ್ಬರು ಬಂದು ಕೋಲು ಎತ್ತಲು ಹೋದಾಗ ಜನರೇ ಛೀಮಾರಿ ಹಾಕಿ ಕೂರಿಸಿದರು. ದಲ್ಲಾಳಿ ಇಲ್ಲದೆ ಬಂದದ್ದಕ್ಕೆ ಅವರಿಗೆ ಸೊನ್ನೆ ಬಂತು. ಶಾಲೆಯ ಬಹುಮಾನ ವಿತರಣೆಗೆ ಅಳಿಯಂದಿರನ್ನು ಕರೆದು ಶಿಸ್ತಿನ ಬಗ್ಗೆ ಭಾಷಣ ಮಾಡಿಸಿದರು.

ಮನೆಯಲ್ಲಿ ಮಾತ್ರ ಸಮಾಧಾನವಿರಲಿಲ್ಲ. ಅಳಿಯಂದಿರು ನಡುಮನೆಯ ಚಾಪೆಯ ಮೇಲೆ ನಿಂಬೆಹಣ್ಣು ಹರಡಿಕೊಂಡು ಛತ್ರಿಯ ತುದಿಯಿಂದ ಹೊಡೆಯುತ್ತಿದ್ದರು. ಹಣ್ಣು ಹೊಸಿಲು ದಾಟಿ ಹೋದಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆ ಪಂದ್ಯ ಗೆದ್ದ ದಿನ ಬರುತ್ತಿರಲಿಲ್ಲ.

“ಅಪ್ಪಾಜಿ, ಇವರು ಆಡೋದ ನಾನು ನೋಡೋದು ಯಾವತ್ತು?” ಎಂದು ಚಂದ್ರಮತಿ ಕೇಳಿದಳು.

“ನೋಡಿದೆಯಲ್ಲಮ್ಮಿ. ಎಲ್ಲಾನೂ ಗೆದ್ದವ್ರೆ.”

“ಗೆದ್ದಿದ್ದು ಮೂಗಯ್ಯನ ಬೆರಳು. ಇವರು ಹಿಂದೆ ನಿಂತಿದ್ರು, ಬಾಗ್ಲಿಗೆ ಕೊಟ್ಟ ಕೋಲಿನ ತರ.”

ಅಳಿಯಂದಿರು ನನ್ನ ಹತ್ತಿರ ಬಂದು ಕೂತರು. “ಮಾವ, ಒಂದೇ ಒಂದು ಏಟು. ಬಾಗ್ಲು ಹಾಕ್ಕೊಂಡು. ಒಂದು ಕೆಂಪು ಚೆಂಡು ಜೇಬಿಗೆ ಬೀಳೋ ಸದ್ದು ಕೇಳಿದ್ರೆ ಸಾಕು ನಂಗೆ. ಆಮೇಲೆ ಜೀವಮಾನ ಪೂರ್ತಿ ಕೇಳಲ್ಲ.”

“ನೋಡಿ ಅಳಿಯಂದ್ರೆ, ಇಷ್ಟು ವರ್ಷ ಅರಿಶಿನ ಮಾರಿದ್ದೀನಿ. ಒಂದು ದಿನವೂ ಮೂಟೆ ಬಿಚ್ಚಿ ತಿನ್ನಬೇಕು ಅನ್ನಿಸಿಲ್ಲ. ಕಸುಬು ಬೇರೆ, ಚಪಲ ಬೇರೆ. ಖಾಯಂ ಆಗೋತನಕ ತಡ್ಕೊಳ್ಳಿ.”

ಐವತ್ತಾರರಲ್ಲಿ ರಾಜ್ಯ ದೊಡ್ಡದಾಯಿತು. ಅದರಂತೆ ಸಾಹೇಬರುಗಳೂ ದೊಡ್ಡವರಾದರು. ಮರುವರ್ಷ ವಿನೋದ ಕಮಿಷನರೇ ಸ್ವತಃ ತಪಾಸಣೆಗೆ ಬಂದರು. ಜೀಪಿನಿಂದ ಇಳಿಯುವಾಗ ಅವರ ಕೈಯಲ್ಲಿ ಉದ್ದನೆಯ ಚರ್ಮದ ಪೆಟ್ಟಿಗೆಯಿತ್ತು. ಅದರೊಳಗೆ ಅವರ ಸ್ವಂತದ ಸ್ನೂಕರ್ ಕೋಲಿತ್ತು. ಅದನ್ನು ಕಂಡು ಕರಿಬಸವಯ್ಯನವರಿಗೆ ಬೆವರು ಬಂತು, ಅಳಿಯಂದಿರಿಗೆ ಕಣ್ಣಲ್ಲಿ ನೀರು ಬಂತು.

ಟವಲು ಕೊಡವುತ್ತ ನಿಂತ ಮೂಗಯ್ಯನನ್ನು ಕಮಿಷನರು ಪಕ್ಕಕ್ಕೆ ಸರಿಸಿದರು. “ಇದೆಲ್ಲ ಏನು ಹುಡುಗಾಟ? ಮೇಜು ಇದೆ, ಚೆಂಡು ಇದೆ. ವೃಷಭೇಂದ್ರಪ್ಪ, ನೀವು ನನ್ನ ಕಣ್ಣೆದುರಿಗೆ ಹೊಡೆದು ತೋರಿಸಿ. ಆಟ ಬರುತ್ತೆ ಅನ್ನಿಸಿದರೆ ಈಗಲೇ ಖಾಯಂ ಮಾಡ್ತೀನಿ. ಇಲ್ಲದಿದ್ದರೆ ಹುದ್ದೆ ರದ್ದು.” ತಮ್ಮ ಕೋಲನ್ನೇ ಅವರ ಕೈಗೆ ಕೊಟ್ಟರು.

ಸುದ್ದಿ ಮನೆಗೆ ಮುಟ್ಟಿ ಚಂದ್ರಮತಿ ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅಳಿಯಂದಿರು ಕಂಬಳಿ ತೆಗೆದರು. ಚೆಂಡು ಜೋಡಿಸಿದರು. ಹೆಂಡತಿಯ ಕಡೆ ಒಮ್ಮೆ ನೋಡಿ ಬಾಗಿದರು. ಆ ಬೆನ್ನು ಅಷ್ಟು ಅಚ್ಚುಕಟ್ಟಾಗಿ ಬಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೋಲಿನ ತುದಿ ಬಿಳಿ ಚೆಂಡಿನ ಹತ್ತಿರ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು.

ಕರಿಬಸವಯ್ಯನವರು ಕಮಿಷನರ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದರು: “ಸ್ವಾಮಿ, ಒಂದು ಸಣ್ಣ ಸಂದೇಹ. ಇವರು ಹೊಡೆದುಬಿಟ್ಟರೆ ಇದು ಮೇಜು ಅಂತ ಆಗಿಬಿಡುತ್ತೆ.”

“ಮೇಜಲ್ಲದೆ ಇನ್ನೇನ್ರೀ?”

“ಮೇಜೇ ಇರಬಹುದು ಸ್ವಾಮಿ. ಹಾಗಾದರೆ ಇಷ್ಟು ವರ್ಷ ಹುಲ್ಲು ತಿಂದದ್ದು ಯಾರು ಅಂತ ಆಡಿಟಿನವರು ಕೇಳ್ತಾರೆ.”

“ಕೇಳಲಿ. ನೀವು ಉತ್ತರ ಹೇಳಿ.”

“ಹೇಳ್ತೀನಿ ಸ್ವಾಮಿ, ನನ್ನ ಕರ್ತವ್ಯ. ಹೋದ ವರ್ಷದ ಹುಲ್ಲಿಗೆ ಮಂಜೂರಾತಿಯ ರುಜು ಮಾತ್ರ ತಮ್ಮದು.”

ಕಮಿಷನರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಅಳಿಯಂದಿರು ಹೊಡೆಯಲು ಕೋಲು ಹಿಂದೆ ಎಳೆದುಕೊಂಡಿದ್ದರು. ಆ ಗಳಿಗೆಗೆ ಸರಿಯಾಗಿ ಹಿಂದಿನ ಕೊಟ್ಟಿಗೆಯಿಂದ ಹಸುವೊಂದು ‘ಅಂಬಾ’ ಎಂದು ಕೂಗಿತು.

ಕಮಿಷನರು ಮೇಜಿನ ಕಡೆ ನೋಡಿದರು. “ಈಗ ಕೂಗಿದ್ದು ಇದೇ ಅಲ್ಲವೇನ್ರೀ?”

“ಹೌದು ಸ್ವಾಮಿ,” ಎಂದರು ಕರಿಬಸವಯ್ಯನವರು. ನಾನೂ ಹೌದೆಂದೆ. ಕಿಟಕಿಯಲ್ಲಿದ್ದವರೂ ಹೌದೆಂದರು.

“ಕೋಲು ಇಳಿಸಿ ವೃಷಭೇಂದ್ರಪ್ಪ. ಪಾಪ, ಮೂಕಪ್ರಾಣಿ.”

ಅಳಿಯಂದಿರು ತಕ್ಷಣ ಏಳಲಿಲ್ಲ. ಬಾಗಿದ ಬೆನ್ನು ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಕಂಬಳಿಯನ್ನು ತಾವೇ ಹೊದಿಸಿದರು. ಬಾಗಿಲಲ್ಲಿ ಚಂದ್ರಮತಿ ಇರಲಿಲ್ಲ. ಸಾರು ಹೊತ್ತಿದ ವಾಸನೆ ಬೀದಿಗೆಲ್ಲ ಬರುತ್ತಿತ್ತು.

ಕಮಿಷನರು ಮೂಗಯ್ಯನನ್ನು ಕರೆದು ಟವಲಿನೊಳಗೆ ತಾವೇ ಕೈಯಿಟ್ಟರು. ಸೋತರು. ಕೈ ಹೊರತೆಗೆದು ಬೆರಳು ನೀವಿಕೊಳ್ಳುತ್ತ, ಈ ವಿಧಾನ ಹೆಚ್ಚು ವೈಜ್ಞಾನಿಕವಾಗಿದೆ ಎಂದರು. ಹೋಗುವ ಮುನ್ನ ಆಜ್ಞೆ ಹೊರಟಿತು: ‘ಕೋಲು ಕೈಯಲ್ಲಿದ್ದೂ, ಚೆಂಡು ಎದುರಿಗಿದ್ದೂ, ಮೇಲಧಿಕಾರಿಯ ಪ್ರಚೋದನೆ ಇದ್ದಾಗ್ಯೂ ಹೊಡೆಯದೆ ಸಂಯಮ ತೋರಿದ ಶ್ರೀ ವೃಷಭೇಂದ್ರಪ್ಪನವರನ್ನು ಖಾಯಂಗೊಳಿಸಲಾಗಿದೆ.’

ಚಿಕ್ಕಮಲ್ಲಪ್ಪನವರು ಹರವೆಯಿಂದ ಒಂದು ಮೂಟೆ ಕಡ್ಲೆಕಾಯಿ ಕಳಿಸಿದರು. ಅಳಿಯಂದಿರು ಮಾತು ಕಡಿಮೆ ಮಾಡಿದರು. ಛತ್ರಿಯನ್ನು ಮಳೆಗೆ ಮಾತ್ರ ತೆಗೆಯತೊಡಗಿದರು. ನಿಂಬೆಹಣ್ಣುಗಳನ್ನು ಉಪ್ಪಿನಕಾಯಿಗೆ ಕೊಟ್ಟುಬಿಟ್ಟರು. ಖಾಯಂ ನೌಕರರಾದ ಮೇಲೆ ಮನುಷ್ಯ ಗಂಭೀರನಾಗುವುದು ಸಹಜವೆಂದು ನಾನು ಸುಮ್ಮನಿದ್ದೆ.

ಚಂದ್ರಮತಿ ಸುಮ್ಮನಿರಲಿಲ್ಲ. ಮೈಸೂರಿಗೆ ಒಂದು ಮದುವೆಗೆ ಹೋದವಳು ಸೀರೆ ತರುವ ಬದಲು ಕೇರಂ ಬೋರ್ಡೊಂದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದಳು. ಮೈಸೂರು ರಸ್ತೆಯ ಗೇಟಿನಲ್ಲಿ ಬಸ್ಸು ನಿಂತಿತು. ನಮ್ಮ ಹಳೆಯ ಗುಮಾಸ್ತರು ಅಲ್ಲಿಗೆ ವರ್ಗವಾಗಿ ಬಂದಿದ್ದರು.

“ಏನಮ್ಮ ಇದು?”

“ಕೇರಂ ಬೋರ್ಡು.”

“ಎಲ್ಲಿಗೆ ಹೋಗೋದು?”

“ಗುಂಡ್ಲುಪೇಟೆ ವಿನೋದ ಸಂಘಕ್ಕೆ. ನಮ್ಮ ಯಜಮಾನ್ರು ಆಡೋಕೆ. ಇದಕ್ಕೆ ಕೋಲು ಬೇಡ, ಬೆರಳು ಸಾಕು.”

ಗುಮಾಸ್ತರ ಮುಖ ಅರಳಿತು. “ಓಹೋ, ಆ ಹಸಿರು ದನಗಳದ್ದು! ಅದಕ್ಕೂ ಮೂಲೇಲಿ ಜೇಬು, ಇದಕ್ಕೂ ಮೂಲೇಲಿ ಜೇಬು. ತಾಯಿ ಮುಖಾನೇ ಕಣಮ್ಮ.”

“ಇದಕ್ಕೆ ಕಾಲೇ ಇಲ್ವಲ್ಲ ಸ್ವಾಮಿ!”

“ಹುಟ್ಟಿದ ಗಳಿಗೆಗೇ ಯಾವ ಕರು ಎದ್ದು ನಿಲ್ಲುತ್ತಮ್ಮ?” ಎಂದು ಅವರು ‘ಕರು, ಒಂದು’ ಎಂದು ಬರೆದುಕೊಂಡರು.

ಬಸ್ಸಿಗಿಂತ ಮೊದಲು ಸುದ್ದಿ ಊರು ಮುಟ್ಟಿತ್ತು. ಕರಿಬಸವಯ್ಯನವರು ಎಲ್ಲರ ಮನೆಗೂ ಗಿಣ್ಣು ಕಳಿಸಿದರು. ಯಾವ ಹಸುವಿನದೆಂದು ಯಾರೂ ಕೇಳಲಿಲ್ಲ. ಹುಲ್ಲಿನ ಟೆಂಡರನ್ನು ಕರುವಿನ ಪಾಲಿಗೆ ತಕ್ಕಂತೆ ಪರಿಷ್ಕರಿಸಲಾಯಿತು. ದನದ ಡಾಕ್ಟರು ಬೋರ್ಡಿನ ನುಣುಪು ನೋಡಿ ಆರೋಗ್ಯವಾಗಿದೆ ಎಂದರು. ಚಂದ್ರಮತಿ ಅವರೆದುರು ನಿಂತು ನೇರವಾಗಿ ಕೇಳಿದಳು: “ಇದನ್ನ ಬೆರಳಲ್ಲಿ ಹೊಡೆದ್ರೆ ತಪ್ಪಾ ಡಾಕ್ಟ್ರೇ?”

ಡಾಕ್ಟರು ಯೋಚಿಸಿ ಹೇಳಿದರು: “ಕರುವನ್ನ ಬೆರಳಲ್ಲಿ ತಟ್ಟೋದು ಮುದ್ದು ಮಾಡೋದು. ಹಿಂಸೆ ಅಲ್ಲ.”

ಹೀಗೆ ಯಾರಿಗೂ ಆಕ್ಷೇಪಣೆ ಉಳಿಯಲಿಲ್ಲ. ಹಾಲಿನಲ್ಲಿ, ಮೇಜಿನ ಪಕ್ಕದಲ್ಲೇ ಚಾಪೆ ಹಾಸಿ ಬೋರ್ಡು ಇಟ್ಟರು. ಚಂದ್ರಮತಿ ತಾನೇ ಕೂತು ಕಪ್ಪು ಬಿಳಿ ಬಿಲ್ಲೆಗಳನ್ನು ನಡುವೆ ಜೋಡಿಸಿದಳು. ಚಾಮರಾಜನಗರದಿಂದ ದೊಡ್ಡಮಲ್ಲಪ್ಪನವರೂ ಕರು ನೋಡಲು ಬಂದಿದ್ದರು. ಅಳಿಯಂದಿರು ಬಂದು ಚಕ್ಕಳಮಕ್ಕಳ ಹಾಕಿಕೊಂಡು ಕೂತರು.

“ಹೊಡೀರಿ,” ಎಂದಳು ಚಂದ್ರಮತಿ. “ಈಗ ಯಾರು ತಡೀತಾರೆ ನಾನೂ ನೋಡ್ತೀನಿ.”

“ಹೊಡೀರಿ, ಹೊಡೀರಿ,” ಎಂದರು ಕರಿಬಸವಯ್ಯನವರೂ. “ನಿಯಮದಲ್ಲಿ ಅವಕಾಶ ಇದೆ.”

ಅಳಿಯಂದಿರು ಬೆರಳು ಮಡಿಸಿ ಹೊಡೆಯುವ ಬಿಲ್ಲೆಯ ಹಿಂದೆ ಇಟ್ಟರು. ಅವರು ಬೋರ್ಡನ್ನು ನೋಡಿದರು. ನೋಡಿದರು, ನೋಡುತ್ತಲೇ ಇದ್ದರು. ಕೊನೆಗೆ ಬೆರಳು ತೆಗೆದು, ಮೂಗಯ್ಯನ ಹೆಗಲಿನಿಂದ ಟವಲು ಎಳೆದುಕೊಂಡು, ಬೋರ್ಡಿನ ಮೇಲೆ ನಾಲ್ಕು ಮೂಲೆಗೂ ಸರಿಯಾಗಿ ಹೊದಿಸಿದರು.

“ಬೇಡ ಕಣೆ ಚಂದ್ರಿ,” ಎಂದರು. “ಇನ್ನೂ ಎಳೇದು. ಬೆಚ್ಚಗಿರ್ಲಿ.”

ಚಂದ್ರಮತಿ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಯಾರೂ ನಗಲಿಲ್ಲ. ಕೊನೆಗೆ ಸೆರಗು ಸರಿಪಡಿಸಿಕೊಂಡು ಕೇಳಿದಳು:

“ಹೆಣ್ಣೋ, ಗಂಡೋ?”

ಗುಮಾಸ್ತರು ಅದನ್ನು ಬರೆದಿರಲಿಲ್ಲ. ಮೂಗಯ್ಯ ಕುಕ್ಕರುಗಾಲಲ್ಲಿ ಕೂತು, ಟವಲಿನ ಅಂಚು ಎತ್ತಿ ಒಳಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿದ. “ಎಣ್ಣು ಕಣವ್ವಾ,” ಎಂದ. “ಒಳ್ಳೆ ತಳಿ.”

ದೊಡ್ಡಮಲ್ಲಪ್ಪನವರು ಮುಂದಿನ ಕರುವನ್ನು ಚಾಮರಾಜನಗರಕ್ಕೇ ಕೊಡಬೇಕೆಂದು ಅಲ್ಲಿಯೇ ಮಾತು ತೆಗೆದುಕೊಂಡರು. ಚಂದ್ರಮತಿ ಮನೆಗೆ ಹೋಗಿ ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದು, ಟವಲು ಸರಿಸಿ, ಬೋರ್ಡಿನ ನಾಲ್ಕು ಮೂಲೆಗೂ ಇಟ್ಟಳು. ಅರಿಶಿನ ನಮ್ಮ ಮಂಡಿಯದೇ. ಅದನ್ನು ಹುಲ್ಲಿನ ಬಿಲ್ಲಿನಲ್ಲಿ ಸೇರಿಸದೆ ಇಲಾಖೆಗೆ ಬೇರೆಯಾಗಿಯೇ ಬರೆದು ಕಳಿಸಿದ್ದೇನೆ.